ನಾಳಿನ ದೀಪದ ಬತ್ತಿ

ಬಸ್ಸಿನ ಟಿಕೇಟು ನನ್ನ ಕೈಯಲ್ಲಿ ಟಿಕೇಟಾಗಿ ಉಳಿಯುವುದು ಬಹಳವೆಂದರೆ ಊರು ದಾಟುವ ತನಕ. ಅಷ್ಟರಲ್ಲಿ ನನ್ನ ಹೆಬ್ಬೆರಳು, ತೋರುಬೆರಳು ಎರಡೂ ಕೂಡಿ, ನನ್ನನ್ನು ಒಂದು ಮಾತೂ ಕೇಳದೆ, ಅದನ್ನು ಹೊಸೆದು ಬತ್ತಿ ಮಾಡಿಬಿಟ್ಟಿರುತ್ತವೆ. ಮೊನ್ನೆ ಗುಲ್ಬರ್ಗಾದಿಂದ ಸೇಡಂಗೆ ಹೋಗುವಾಗ ದಾರಿಯಲ್ಲಿ ತಪಾಸಣೆಯವರು ಹತ್ತಿದರು. ನನ್ನ ಮುಂದೆ ನಿಂತು ಕೈಚಾಚಿದ ಹುಡುಗನಿಗೆ ನನ್ನ ಮೊಮ್ಮಗನ ವಯಸ್ಸು.

"ಟಿಕೇಟ್ ತೋರಸ್ರಿ ಅಮ್ಮಾರ."

ಬತ್ತಿಯನ್ನು ಅವನ ಅಂಗೈ ಮೇಲಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ.

"ಇದಕ್ಕ ಎಣ್ಣಿ ಹಾಕಿ ಹಚ್ಚಬೇಕೇನ್ರಿ?"

ಬಸ್ಸೆಲ್ಲ ನಕ್ಕಿತು. ಪಾಪ, ಒಳ್ಳೆಯ ಹುಡುಗ. ನಿಂತುಕೊಂಡೇ ಅದನ್ನು ಉಗುರಿನಿಂದ ಬಿಡಿಸಿ, ಬೆಳಕಿಗೆ ಹಿಡಿದು ಓದಿ, ಮತ್ತೆ ಹೊಸೆದು ನನಗೇ ಕೊಟ್ಟ. ಅವನು ಹೊಸೆದದ್ದು ಒಂದಿಷ್ಟೂ ಚೆನ್ನಾಗಿರಲಿಲ್ಲ. ದಪ್ಪಗೆ, ಸೊಟ್ಟಗೆ, ಇಲಿಯ ಬಾಲದ ಹಾಗೆ. ಅದನ್ನು ನೋಡಿದ ಕೂಡಲೇ ನನಗೆ ನನ್ನ ಅಣ್ಣ ವಾಸಣ್ಣನ ನೆನಪಾಗಿ, ಸೇಡಂ ಬರುವ ತನಕ ಕಿಟಕಿಯ ಹೊರಗೆ ನೋಡುತ್ತ ಕೂತೆ.

ನನ್ನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ನಾನು ನಾಳೆಯವಳು. ಹೊಲಿಯಬೇಕಾದ ಗುಂಡಿ, ಬೀಸಿಸಬೇಕಾದ ಜೋಳ, ನೋಡಿ ಬರಬೇಕಾದ ಬಾಣಂತಿ, ನನ್ನ ಹತ್ತಿರ ಎಲ್ಲವೂ ನಾಳೆಗೇ. ಬಾಣಂತಿಯನ್ನು ನೋಡಲು ಹೋಗುವ ಹೊತ್ತಿಗೆ ಕೂಸು ಬಾಗಿಲಿಗೆ ಬಂದು "ಯಾರು ಬೇಕ್ರಿ?" ಎಂದು ಕೇಳಿದ ಉದಾಹರಣೆಯೂ ಉಂಟು. ನಾಳೆ ಎಂದವನ ಮನೆ ಹಾಳು ಅಂತ ಗಾದೆ ಇದೆಯಲ್ಲ, ಅದನ್ನು ಹೇಳಿ ನನ್ನನ್ನು ತಿವಿಯದ ನೆಂಟರಿಲ್ಲ. ಆದರೆ ನಮ್ಮ ಮನೆ ಉಳಿದದ್ದೇ ನಾಳೆಯಿಂದ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ.

ನಿಜಾಮನ ಕಾಲದ ಮಾತು. ನಮ್ಮಪ್ಪ ಸೇಡಂನಲ್ಲಿ ಮಾಸ್ತರು. ಶಾಲೆಯಲ್ಲಿ ಪಾಠವೆಲ್ಲ ಉರ್ದು. ಮನೆಗೆ ಬಂದು ಅಂಗಿ ಕಳಚಿದರೆ ಸಂಧ್ಯಾವಂದನೆ, ಕನ್ನಡ, ಸ್ತೋತ್ರ. ಲೆಕ್ಕ ಮಾತ್ರ ಅವರಿಗೆ ಎಲ್ಲಿದ್ದರೂ ಉರ್ದುವಿನಲ್ಲೇ ಬರುತ್ತಿತ್ತು. ಅವ್ವ ತರಕಾರಿ ಕೊಳ್ಳುತ್ತ ನಿಂತರೆ ಒಳಗಿನಿಂದ ಅಪ್ಪ ಉರ್ದುವಿನಲ್ಲಿ ಗುಣಿಸಿ, ಕನ್ನಡದಲ್ಲಿ ಬೈಯುತ್ತಿದ್ದರು. ವಾಸಣ್ಣ ನನಗಿಂತ ಬಹಳ ದೊಡ್ಡವನು. ಅವನಿಗೂ ನನಗೂ ನಡುವೆ ಹುಟ್ಟಿದವು ಉಳಿಯಲಿಲ್ಲ.

ವಾಸಣ್ಣನೂ ಉಳಿಯುವ ಹಾಗಿರಲಿಲ್ಲವಂತೆ. ಇನ್ನೂ ತೊದಲು ಮಾತಿನ ವಯಸ್ಸಿನಲ್ಲಿ ವಿಷಮಶೀತ ಜ್ವರ ಬಂದು, ಕಣ್ಣು ಮೇಲೆ ಮಾಡಿ ಮಲಗಿದ್ದಾಗ, ಅವ್ವ ದೇವರ ಮುಂದೆ ನಿಂತು, "ಇವನ್ನೊಬ್ಬನ್ನ ಉಳಸಪ್ಪಾ, ಲಕ್ಷ ಬತ್ತಿ ಹಚ್ಚತೀನಿ" ಅಂದಳು. ಲಕ್ಷ ಬತ್ತಿಯೆಂದರೆ ಗೊತ್ತಲ್ಲ, ಕೈಯಿಂದ ಅರಳೆ ಹಿಂಜಿ, ಕೈಯಿಂದಲೇ ಹೊಸೆದ ಒಂದು ಲಕ್ಷ ಬತ್ತಿಗಳನ್ನು ಎಣ್ಣೆಯಲ್ಲಿ ನೆನೆಸಿ ಕಾರ್ತಿಕದಲ್ಲಿ ದೇವರ ಮುಂದೆ ಬೆಳಗುವುದು. ಜ್ವರ ಇಳಿಯಿತು. ವಾಸಣ್ಣ ಎದ್ದು ಕೂತು ಮಜ್ಜಿಗೆ ಅನ್ನ ಕೇಳಿದ. ಬತ್ತಿ ಬಾಕಿ ಉಳಿಯಿತು.

"ಹತ್ತ ಬತ್ತಿ ಅಂದಿದ್ರ ದೇವರು ಬ್ಯಾಡ ಅಂತಿದ್ನೇನs ಕಮಲೀ?" ಎಂದು ಎಷ್ಟೋ ವರ್ಷದ ಮೇಲೆ ಗೋದಜ್ಜಿ ಅವ್ವನನ್ನು ಕೇಳಿದ್ದುಂಟು. ಆದರೆ ಜ್ವರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡವಳಿಗೆ ಹತ್ತು ಎಂಬ ಸಂಖ್ಯೆ ಎಲ್ಲಿಂದ ನೆನಪಾಗಬೇಕು?

ಬಾಕಿ ಯಾಕೆ ಉಳಿಯಿತು ಎಂದರೆ, ಅವ್ವ ಅದನ್ನು ಭಾರಿ ಶಾಸ್ತ್ರೋಕ್ತವಾಗಿ ಮಾಡಬೇಕೆಂದಿದ್ದಳು. ನಮ್ಮ ವೈಷ್ಣವರ ಮನೆಯ ಮಡಿ ನಿಮಗೆ ತಿಳಿಯದ್ದಲ್ಲ. ತಲೆಮೇಲೆ ನೀರು ಹೊಯ್ದುಕೊಂಡು, ಗಳದ ಮೇಲೆ ಒಣಗಿದ ಸೀರೆ ಉಟ್ಟು, ಯಾರನ್ನೂ ಮುಟ್ಟದೆ ಕೂತು ಹೊಸೆಯಬೇಕು. ಅದಕ್ಕೆ ಒಳ್ಳೆಯ ತಿಥಿ ಬೇಕು. ಆ ತಿಥಿ ಬಂದಾಗ ಅರಳೆ ಚೆನ್ನಾಗಿರುವುದಿಲ್ಲ. ಅರಳೆ ಚೆನ್ನಾಗಿರುವಾಗ ಅಧಿಕಮಾಸ. ಅದು ಮುಗಿದರೆ ಯಾರದೋ ಸೂತಕ. ಎಲ್ಲವೂ ಕೂಡಿ ಬಂದ ವರ್ಷ ಅವ್ವನೇ ಬಸುರಿ. ಹೀಗೆ ವರ್ಷಗಳು ಹೋದವು. ಆಕಳು ಒದ್ದು ಹಾಲು ಚೆಲ್ಲಿದರೂ, ಅಪ್ಪನ ಪೇಟ ಗಾಳಿಗೆ ಹಾರಿದರೂ, ಅವ್ವ ದೇವರ ಮನೆಯ ಕಡೆ ತಪ್ಪಿತಸ್ಥಳಂತೆ ಒಮ್ಮೆ ನೋಡುತ್ತಿದ್ದಳು.

ಕೊನೆಗೊಮ್ಮೆ ಆರಂಭವಾಯಿತು. ಆರಂಭ ಶೂರತ್ವ ಎನ್ನುತ್ತಾರಲ್ಲ, ಅದನ್ನು ನೋಡಬೇಕಿದ್ದರೆ ಆ ದಿನ ನಮ್ಮ ಮನೆಗೆ ಬರಬೇಕಿತ್ತಂತೆ. ಐನಾಪುರದ ಸೋದರಮಾವ ಒಂದು ದೊಡ್ಡ ಚೀಲ ತುಂಬ ಅರಳೆ ಕಳಿಸಿದ್ದ. ಓಣಿಯ ಮುತ್ತೈದೆಯರೆಲ್ಲ ಅರಿಶಿನ ಕುಂಕುಮಕ್ಕೆ ಬಂದರು. ಅವ್ವ ಮಡಿಯುಟ್ಟು, ನಡುಮನೆಯ ಪರಸಿ ಕಲ್ಲಿನ ನೆಲದ ಮೇಲೆ ಮಣೆ ಹಾಕಿ, ಬೆಟ್ಟದಷ್ಟು ಅರಳೆ ಸುರಿದುಕೊಂಡು ಕೂತಳು. ಹೊತ್ತೇರಿದ ಮೇಲೆ ನಮ್ಮ ಸೇಡಂನ ಗಾಳಿ ಬೀಸತೊಡಗಿತು. ಬಾಗಿಲು ಮುಚ್ಚೋಣವೆಂದರೆ ಅದರ ಒಂದು ಕದ ಅಪ್ಪ ಮುಂದಿನ ವಾರ ರಿಪೇರಿ ಮಾಡಿಸುವುದಿತ್ತು. ಅದು ಎಷ್ಟೋ ವರ್ಷಗಳಿಂದ ಮುಂದಿನ ವಾರವೇ ಆಗಿತ್ತೆನ್ನಿ. ಅರಳೆ ಎದ್ದು ಮನೆಯೆಲ್ಲ ಹಾರಾಡಿತು. ದೇವರ ಮೇಲೆ, ಅಪ್ಪನ ಮೀಸೆಯ ಮೇಲೆ, ಕುದಿಯುವ ಸಾರಿನೊಳಗೆ. ಮುತ್ತೈದೆಯರು ಸೆರಗಿನಿಂದ ಅರಳೆ ಹಿಡಿಯಲು ಓಡಾಡುತ್ತಿದ್ದಾಗ, ಆಗ ತಾನೇ ಅಂಬೆಗಾಲಿಡುತ್ತಿದ್ದ ಒಂದು ಕೂಸು, ಬಿಳಿಯದೇನೋ ಹಾರುತ್ತಿದೆಯೆಂದು ಕೇಕೆ ಹಾಕುತ್ತ ಹೋಗಿ ಅವ್ವನ ಮಡಿ ಸೀರೆಯನ್ನು ಎರಡೂ ಕೈಯಿಂದ ಹಿಡಿಯಿತು.

ಆ ಕೂಸು ಯಾರೆಂದು ನಾನು ಹೇಳಬೇಕಿಲ್ಲ.

ಮಡಿ ಹೋಯಿತು. ಅರಳೆಯ ಚೀಲ ಅಟ್ಟಕ್ಕೇರಿತು. ಗಾಯದ ಮೇಲೆ ಬರೆ ಹಾಕಿದಂತೆ ಆ ಸಂಜೆ ಅಪ್ಪ ಹಲಗೆ ಬಳಪ ತೆಗೆದುಕೊಂಡು ಕೂತರು. ಬೆಳಗಿನಿಂದ ಮಧ್ಯಾಹ್ನದೊಳಗೆ ಹೊಸೆದದ್ದು ಎಷ್ಟು, ಹಾಗಾದರೆ ಲಕ್ಷ ಹೊಸೆಯಲು ಎಷ್ಟು ಕಾಲ ಬೇಕು ಎಂದು ಉರ್ದುವಿನಲ್ಲಿ ಗುಣಿಸಿ, ಭಾಗಿಸಿ, ಉತ್ತರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನೂ ಸೇರಿಸಿದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಉತ್ತರ ಕೇಳಿದ ಅವ್ವ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಹಳ್ಳದ ಅಗಲ ಹೇಳಿ ಹನಿಯನ್ನು ಹೆದರಿಸಬಾರದು ಎಂಬುದು ನಮ್ಮಪ್ಪನಿಗೆ ಕೊನೆಯ ತನಕ ತಿಳಿಯಲಿಲ್ಲ.

ಆಮೇಲೆ ಇಲಿಗಳು ಆ ಚೀಲದಲ್ಲಿ ಸುಖವಾಗಿ ಸಂಸಾರ ಮಾಡಿದವು.

ಗೋದಜ್ಜಿ ಎಂದೆನಲ್ಲ, ಅವಳು ಅಪ್ಪನ ಸೋದರತ್ತೆ. ತೆಂಗಳಿಯವಳು. ಕೆಂಪು ಸೀರೆ, ಬೋಳು ತಲೆ, ಮಾತು ಮಾತ್ರ ಮೆಣಸಿನಕಾಯಿ. ಅವಳು ಬಂಡಿಯಿಂದ ಇಳಿದಳೆಂದರೆ ನಮ್ಮ ಮನೆಯ ಬೆಕ್ಕು ಕೂಡ ಮಡಿಯಿಂದ ನಡೆಯುತ್ತಿತ್ತು. ನಾನು ಶಾಲೆಯ ವಯಸ್ಸಿಗೆ ಬಂದಿದ್ದೆ. ಆ ಸಲ ಬಂದವಳು ಅಟ್ಟದಿಂದ ಇಲಿ ಮರಿಗಳು ಬಿದ್ದದ್ದನ್ನು ನೋಡಿ ವಿಚಾರಿಸಿದಳು. ಅವ್ವ ಅಳುತ್ತ ಎಲ್ಲ ಹೇಳಿದಳು. ಬೈಗುಳ ಬೀಳುತ್ತದೆಂದು ನಾವೆಲ್ಲ ತಲೆ ತಗ್ಗಿಸಿ ನಿಂತೆವು.

ಗೋದಜ್ಜಿ ಕೇಳಿದಳು, "ದಿನಾ ದೇವರ ದೀಪಕ್ಕ ಬತ್ತಿ ಯಾರು ಮಾಡತಾರ?"

"ನಾನs ಮಾಡತೀನ್ರಿ, ಅತ್ತಿಯವರ."

"ಅದಕ್ಕೇನು ತಿಥಿ ನೋಡತೀ?"

"ಇಲ್ರಿ."

"ಮತ್ತ? ಲಕ್ಷ ಮಾಡು ಅಂತ ಯಾರು ಹೇಳ್ಯಾರ ನಿನಗ? ನಾಳಿನ ದೀಪಕ್ಕ ಮಾಡು. ಹಾಲು ಕಾಯಲಿಕ್ಕಿಟ್ಟಿರತೀದಿ, ಅದು ಉಕ್ಕೋತನಕ ಕೈ ಖಾಲಿ ಇರತದ. ಒಂದು ಚಿಟಿಕಿ ಅರಳಿ ತೊಗೊ. ಹಾಲು ಉಕ್ಕಿತು, ಬಿಟ್ಟು ಏಳು. ಅಷ್ಟs."

"ಮಡಿ, ಅತ್ತಿಯವರ?"

ನೀರಿನ ಹನಿ ಸಿಡಿದರೂ ಮತ್ತೆ ಸ್ನಾನ ಮಾಡುವ ಗೋದಜ್ಜಿ ಹೇಳಿದಳು, "ಬೆಂಕಿಗಿ ಬೀಳೂದಕ್ಕ ಎಂಥಾ ಮಡಿ? ಮೈತೊಳಕೊಂಡಿದ್ರ ಸಾಕು. ಮತ್ತ ಇನ್ನೊಂದು ಕೇಳು. ಈ ಮನಿಯಾಗ ಇನ್ನ ಮ್ಯಾಲ ಯಾರೂ ಲಕ್ಷ ಅನ್ನಬಾರದು. ಏ ಮಾಸ್ತರಾ, ನಿನಗೂ ಹೇಳಾಕತ್ತೀನಿ. ನಿನ್ನ ಹಿಸಾಬು ಸಾಲಿಯಾಗ ಇಟಗೊ."

ಅಂದಿನಿಂದ ನಮ್ಮ ಮನೆಯಲ್ಲಿ ಆ ಶಬ್ದಕ್ಕೆ ಬಹಿಷ್ಕಾರ ಬಿತ್ತು. ಅಪ್ಪ ಅದನ್ನು 'ಅದು' ಎನ್ನುತ್ತಿದ್ದರು. ಅವ್ವ ಏನೂ ಅನ್ನುತ್ತಿರಲಿಲ್ಲ. ಸೊಂಟದಲ್ಲಿ ಒಂದು ಸಣ್ಣ ಚೀಲದಲ್ಲಿ ಅರಳೆ ಸಿಕ್ಕಿಸಿಕೊಂಡಿರುತ್ತಿದ್ದಳು. ಹಾಲು ಉಕ್ಕುವ ತನಕ, ಅನ್ನ ಬಸಿಯುವ ತನಕ, ಅಪ್ಪ ಊಟಕ್ಕೆ ಕೂತು ಸರ್ಕಾರದ ಮೇಲೆ ತಕರಾರು ಹೇಳಿ ಮುಗಿಸುವ ತನಕ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುವುದು. ಏನು ಮಾಡಾಕತ್ತೀದಿ ಎಂದು ಯಾರಾದರೂ ಕೇಳಿದರೆ "ನಾಳಿನ ದೀಪಕ್ಕರಿ" ಎನ್ನುವುದು. ನೂರಾದರೆ ಒಂದು ಕಟ್ಟು, ಕಟ್ಟಿಗೊಂದು ಹುಣಸೆ ಬೀಜ ಉಪ್ಪಿನಕಾಯಿಯ ಹಳೆಯ ಭರಣಿಗೆ. ಭರಣಿಯೊಳಗೆ ಯಾರೂ ಇಣುಕಬಾರದು. ಅದೂ ಗೋದಜ್ಜಿಯದೇ ಕಟ್ಟಪ್ಪಣೆ.

ಅವ್ವನ ಮಗ್ಗುಲಲ್ಲಿ ಕೂತು ಕೂತು ನನ್ನ ಬೆರಳಿಗೂ ಅದು ಹತ್ತಿತು. ಪಾಠ ಒಪ್ಪಿಸುವಾಗ, ಜಡೆ ಹಾಕಿಸಿಕೊಳ್ಳುವಾಗ, ಸಿಟ್ಟು ಮಾಡಿಕೊಂಡು ಮೂಲೆಯಲ್ಲಿ ಕೂತಾಗ ಕೂಡ. ಸಿಟ್ಟಿನಲ್ಲಿ ಹೊಸೆದ ಬತ್ತಿ ಬಹಳ ಬಿಗಿಯಾಗಿರುತ್ತದೆ, ಚೆನ್ನಾಗಿ ಉರಿಯುತ್ತದೆ. ಇದು ನನ್ನ ಸ್ವಂತ ಅನುಭವ. ವರ್ಷಗಳು ಕಳೆದವು. ಬತ್ತಿಯ ಕಟ್ಟುಗಳು ಬುಟ್ಟಿ ತುಂಬಿದವು, ಇನ್ನೊಂದು ಬುಟ್ಟಿ ಬಂತು, ಮತ್ತೊಂದು ಬಂತು. ಅವು ಇದ್ದಲ್ಲೇ ಇದ್ದವು, ನಾವು ಅವುಗಳ ಸುತ್ತ ಬೆಳೆದೆವು. ಗೋದಜ್ಜಿ ಒಂದು ಚಳಿಗಾಲದಲ್ಲಿ ತೆಂಗಳಿಯಲ್ಲೇ ತೀರಿಕೊಂಡಳು. ವಾಸಣ್ಣನಿಗೆ ವಾಡಿ ಸ್ಟೇಷನ್ನಿನಲ್ಲಿ ಕಾರಕೂನನ ಕೆಲಸ ಸಿಕ್ಕಿತು. ರೈಲಿನಲ್ಲಿ ಚಿತ್ತಾಪುರ ದಾಟಿದರೆ ವಾಡಿ, ಏನು ದೂರ? ಆದರೂ ಅವನು ಹೋದ ದಿನ ಅವ್ವ ಹಾಲು ಉಕ್ಕಿಸಿಬಿಟ್ಟಳು.

ಈಗ ನಿಜವಾದ ಕತೆಗೆ ಬಂದೆ. ನಿಜಾಮನ ರಾಜ್ಯ ಉಳಿಯುತ್ತದೋ ಹೋಗುತ್ತದೋ ಎಂದು ಊರೂರು ಪಿಸುಗುಡುತ್ತಿದ್ದ ಆ ಕೊನೆಯ ಬೇಸಿಗೆ. ರಾತ್ರಿ ಯಾರ ಮನೆ ಸುಟ್ಟರು, ಯಾವ ಹಳ್ಳಿಯವರು ಗಡಿ ದಾಟಿ ಹೋದರು ಎಂಬ ಮಾತುಗಳು ಬಾವಿಕಟ್ಟೆಗೆ ಬರುತ್ತಿದ್ದವು. ರೈಲು ಒಂದು ದಿನ ಬಂದರೆ ಒಂದು ದಿನ ಇಲ್ಲ. ವಾಸಣ್ಣ ಊರಿಗೆ ಬರುವುದು ಕಡಿಮೆಯಾಯಿತು. ಅಪ್ಪನಿಗೆ ತಾಳ್ಮೆ ತಪ್ಪಿ, ಅವ್ವ ಬಾವಿಗೆ ಹೋದಾಗ ಭರಣಿ ಬಗ್ಗಿಸಿ ಬೀಜ ಎಣಿಸಿಬಿಟ್ಟರು. ಸಾವಿರಕ್ಕೆ ಇನ್ನು ಬೆರಳೆಣಿಕೆಯಷ್ಟು ಮಾತ್ರ ಕಡಿಮೆ.

"ಮುಗೀತಲ್ಲs ಕಮಲಾ! ಜಲ್ದಿ ಮಾಡು, ಈ ಕಾರ್ತಿಕಕ್ಕ ಹಚ್ಚಿಬಿಡೋಣು. ಹುಡುಗನ ಮ್ಯಾಲಿನ ಭಾರ ಇಳೀತದ" ಎಂದರು.

ಅಂದಿನಿಂದ ಅವ್ವನ ಕೈ ನಿಂತಿತು.

ನಿಂತಿತೆಂದರೆ ಪೂರ್ತಿ ನಿಲ್ಲಲಿಲ್ಲ. ಹೊಸೆಯುತ್ತಿದ್ದಳು. ಆದರೆ ಬುಟ್ಟಿ ಬೆಳೆಯಲಿಲ್ಲ. ಬೆರಳು ನೋವು ಎನ್ನುವಳು, ಅರಳೆ ತೇವ ಎನ್ನುವಳು, ಹಳೆಯ ನೆವಗಳೆಲ್ಲ ಅಟ್ಟದಿಂದ ಇಳಿದು ಬಂದವು. ಒಂದು ಬೆಳಿಗ್ಗೆ ನಾನು ಕಣ್ಣಾರೆ ಕಂಡೆ, ಅವ್ವ ಕಟ್ಟಿನೊಳಗಿಂದ ಬತ್ತಿ ಎಳೆದು ದಿನದ ದೀಪಕ್ಕೆ ಹಾಕುತ್ತಿದ್ದಳು. ಇಂದು ಸೇರಿಸಿದ್ದು ನಾಳೆ ಖರ್ಚು.

"ಅವ್ವಾ, ಹಿಂಗ ಮಾಡಿದ್ರ ಮುಗೀತದೇನು?" ಎಂದೆ.

ಅವಳು ದೀಪ ಹಚ್ಚಿ, ಕೈ ಮುಗಿದು, ಹಿಂದೆ ತಿರುಗದೆ ಹೇಳಿದಳು. "ಮುಗೀಬಾರದವ್ವಾ. ಇಷ್ಟು ವರ್ಷ ಬಾಕಿ ಅದ ಅಂತ ದೇವರು ನಮ್ಮ ಮನಿ ನೆನಪಿಟ್ಟಾನ. ಬಾಕಿ ಇದ್ದವನ್ನ ಯಾರರೆ ಕೈಬಿಡತಾರೇನು? ತೀರಿಸಿಬಿಟ್ರ ಅವನಿಗಿ ನಮ್ಮ ಕೂಡ ಏನು ಕೆಲಸ? ವಾಸು ಅಲ್ಲಿ ವಾಡಿಯಾಗ ಒಬ್ಬನs ಇದ್ದಾನ."

ಮೊದಲು ಅವ್ವ ಅಂಜಿದ್ದು ಕೆಲಸದ ಗಾತ್ರಕ್ಕೆ. ಈಗ ಅಂಜಿಕೆ ಉಳಿದ ನಾಲ್ಕು ಚಿಟಿಕೆ ಅರಳೆಗೆ. ಸಣ್ಣ ಹೆಜ್ಜೆ ಎಂದು ನಾವು ಸುಲಭವಾಗಿ ಅನ್ನುತ್ತೇವೆ, ಕೆಲವು ಸಣ್ಣ ಹೆಜ್ಜೆಗಳಿಗೆ ಕಾಲೇ ಏಳುವುದಿಲ್ಲ. ನಾನು ಅಪ್ಪನಿಗೆ ಹೇಳಲಿಲ್ಲ. ಅವರು ಅದಕ್ಕೂ ಒಂದು ಹಿಸಾಬು ತೆಗೆಯುತ್ತಿದ್ದರು.

ಮಳೆಗಾಲದ ಕೊನೆಗೆ ರೈಲು ಪೂರ್ತಿ ನಿಂತಿತು. ವಾಡಿಯಿಂದ ಸುದ್ದಿಯೂ ನಿಂತಿತು. ಮೇಲೆ ವಿಮಾನ ಹೋಯಿತು ಎಂದರು, ಫೌಜು ಬಂತು ಎಂದರು, ಎಲ್ಲ ಮುಗಿಯಿತು ಎಂದರು. ಮುಗಿದ ಮೇಲೂ ವಾಸಣ್ಣ ಬರಲಿಲ್ಲ. ಅಪ್ಪ ಸ್ಟೇಷನ್ನಿಗೆ ಹೋಗುವುದು, ಬರಿಗೈಯಲ್ಲಿ ಬಂದು ಚಪ್ಪಲಿ ಬಿಡುವುದು. ಆ ದಿನಗಳಲ್ಲಿ ಅವ್ವ ಒಂದೇ ಒಂದು ಬತ್ತಿ ಹೊಸೆಯಲಿಲ್ಲ. ಅರಳೆಯ ಚೀಲವನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಬಳಿ ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಬಂದ. ರೈಲು ಹಳಿಯ ಗುಂಟ ವಾಡಿಯಿಂದ ನಡೆದು, ಚಿತ್ತಾಪುರದಲ್ಲಿ ಯಾರದೋ ಮನೆಯ ಜಗಲಿಯಲ್ಲಿ ಮಲಗಿ, ಮತ್ತೆ ನಡೆದು ಬಂದಿದ್ದ. ಗಡ್ಡ ಬೆಳೆದಿತ್ತು, ಕಾಲು ಬಾತಿದ್ದವು. ಅವ್ವ ಅಳಲಿಲ್ಲ. "ಕುಂದ್ರು, ಹಾಲು ಕಾಸತೀನಿ" ಎಂದು ಒಳಗೆ ಹೋಗಿ ಒಲೆಯ ಮುಂದೆ ಕೂತವಳು ಹೊಗೆಯ ನೆವದಲ್ಲಿ ಬಹಳ ಹೊತ್ತು ಕಣ್ಣೊರೆಸಿಕೊಂಡಳು.

ಅಪ್ಪ ಅವನ ಕಾಲಿಗೆ ಎಣ್ಣೆ ಹಚ್ಚುತ್ತ, "ಅಷ್ಟು ದೂರ ಹ್ಯಾಂಗ ನಡದಿಯೋ?" ಎಂದು ಕೇಳಿದರು.

"ದೂರ ನೋಡಲಿಲ್ಲಪ್ಪಾ. ಒಂದು ಕಂಬ ಕಾಣತಿತ್ತು, ಅಲ್ಲೀತನಕ ಹೋಗೂದು. ಅಲ್ಲಿ ನಿಂತ್ರ ಇನ್ನೊಂದು ಕಾಣತಿತ್ತು." ಆಮೇಲೆ ಒಳಗಡೆ ನೋಡಿ ನಕ್ಕ. "ಹಾಲು ಉಕ್ಕೋತನಕ ಅಂತಿದ್ದಳಲ್ಲ ಗೋದಜ್ಜಿ, ಹಂಗ."

ಆ ಸಂಜೆ ಅವನೇ ಅವ್ವನ ಸೊಂಟದ ಚೀಲಕ್ಕೆ ಕೈಹಾಕಿದ. ಬತ್ತಿ ನಿಂತದ್ದನ್ನು ಅಪ್ಪನಿಂದ ಕೇಳಿಕೊಂಡಿದ್ದ. "ನನ್ನ ಸಲುವಾಗಿ ಹೊತ್ತಿದ್ದು, ಉಳಿದದ್ದು ನಾ ಮಾಡತೀನಿ, ಕೊಡು" ಎಂದ. ಅವ್ವ ಚೀಲ ಬಿಡಲಿಲ್ಲ. ಅವನು ಎಳೆಯಲಿಲ್ಲ, ಕೈ ಚಾಚಿಕೊಂಡು ಸುಮ್ಮನೆ ಕೂತ. ಹಾಲು ಉಕ್ಕುವಷ್ಟು ಹೊತ್ತಾದ ಮೇಲೆ ಅವ್ವ ಒಂದು ಚಿಟಿಕೆ ಅರಳೆ ಅವನ ಅಂಗೈಗೆ ಹಾಕಿದಳು. ಅವನು ಹೊಸೆದದ್ದನ್ನು ನೋಡಿ ನಾನು ಬಿದ್ದು ಬಿದ್ದು ನಕ್ಕೆ.

"ಬತ್ತಿ ಏನೋ ಇದು, ಬಾವಿ ಹಗ್ಗ!" ಎಂದು ಅವ್ವನೂ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು. ಆಮೇಲೆ ಇನ್ನೊಂದು ಚಿಟಿಕೆ ಕೊಟ್ಟಳು. ಕಾಲು ಬಾವು ಇಳಿಯುವ ತನಕ ಅವನು ಹೊಸೆಯುತ್ತಲೇ ಇದ್ದ. ಕೊನೆಯ ಕಟ್ಟನ್ನು ಮಾತ್ರ ಅವ್ವ ತಾನೇ ಎಣಿಸಿ, ತಾನೇ ಕಟ್ಟಿದಳು.

ಕಾರ್ತಿಕದಲ್ಲಿ ಪ್ರಾಣದೇವರ ಗುಡಿಯಲ್ಲಿ ಬೆಳಗಿದೆವು. ಅಷ್ಟೂ ವರ್ಷದ ಹಾಲು, ಅನ್ನ, ಅಪ್ಪನ ತಕರಾರು, ನನ್ನ ಸಿಟ್ಟು ಎಲ್ಲ ಎಣ್ಣೆಯಲ್ಲಿ ನೆನೆದು ದೊಡ್ಡ ಪರಾತಗಳಲ್ಲಿ ಧಗಧಗ ಉರಿದವು. ಊರವರು ಅವ್ವನ ಕಾಲಿಗೆ ಬಿದ್ದರು. ಒಂದು ಲಕ್ಷ ಎಂದು ಅಪ್ಪ ಆ ದಿನ ಕಂಡಕಂಡವರಿಗೆಲ್ಲ ಗಟ್ಟಿಯಾಗಿ ಹೇಳಿದರು, ಅಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದರ ಬಡ್ಡಿ ಸಮೇತ.

ಅವ್ವ ಹಾಸಿಗೆ ಹಿಡಿದದ್ದು ಬಹಳ ವರ್ಷಗಳ ಮೇಲೆ. ಕೊನೆಯ ದಿನಗಳಲ್ಲಿ ಒಮ್ಮೆ ನನ್ನನ್ನು ಹತ್ತಿರ ಕರೆದು, ತನ್ನ ಕುಂಕುಮದ ಹಳೆಯ ಕರಡಿಗೆಯನ್ನು ನನ್ನ ಕೈಗಿಟ್ಟಳು. ತೆರೆದರೆ ಒಳಗೆ ಒಂದು ಬತ್ತಿ. ದಪ್ಪಗೆ, ಸೊಟ್ಟಗೆ, ಇಲಿಯ ಬಾಲದ ಹಾಗೆ. ಅಕ್ಷರ ನೋಡಿದರೆ ಕೈ ಗೊತ್ತಾಗುತ್ತದಂತೆ, ನನಗೆ ಬತ್ತಿ ನೋಡಿದರೆ ಬೆರಳು ಗೊತ್ತಾಯಿತು.

"ಅವ್ವಾ! ಕೊನೀ ಕಟ್ಟಿನಾಗಿಂದು?"

"ಒಂದs ಒಂದು" ಎಂದಳು, ತಪ್ಪು ಮಾಡಿ ಸಿಕ್ಕ ಹುಡುಗಿಯಂತೆ. "ದೇವರಿಗಿ ಗೊತ್ತದ, ಅವ ಏನೂ ಅಂದಿಲ್ಲ. ವಾಸು ಇರೋತನಕ ಇದನ್ನ ಹಚ್ಚಬ್ಯಾಡ, ಇಟ್ಟಿರು."

"ನನ್ನ ಕೈಯಾಗ ಯಾಕವ್ವಾ? ನನಗ ಒಂದೂ ನೆನಪಿರಂಗಿಲ್ಲ, ಎಲ್ಲಾ ನಾಳಿಗಿ ಹಾಕತೀನಂತ ನೀನs ಬೈತೀದಿ."

ಅವ್ವ ನನ್ನ ಬೆರಳುಗಳನ್ನು ಹಿಡಿದುಕೊಂಡಳು. "ಅದಕ್ಕs ನಿನ್ನ ಕೈಯಾಗ ಕೊಡಾಕತ್ತೀನಿ. ನೀ ಭಾಳ ಆಲಸಿ. ನಿನ್ನ ಹತ್ರ ಭದ್ರ ಇರತದ."

ಇಷ್ಟು ದೊಡ್ಡ ಗೌರವ ನನಗೆ ಯಾರೂ ಕೊಟ್ಟಿಲ್ಲ.

ವಾಸಣ್ಣನಿಗೆ ಇದೊಂದೂ ಗೊತ್ತಿಲ್ಲ. ಎಂಬತ್ತು ದಾಟಿದ್ದಾನೆ, ಕೋಲು ಹಿಡಿದರೂ ನೆಟ್ಟಗೆ ನಡೆಯುತ್ತಾನೆ, ಈಗಲೂ ಸೇಡಂನಲ್ಲಿದ್ದಾನೆ. ಮೊನ್ನೆ ಬಸ್ಸಿಳಿದು ಅವನ ಮನೆಗೇ ಹೋದೆ. ಯುಗಾದಿಗೆ ಬರುತ್ತೇನೆಂದವಳು ಕಾರ್ತಿಕದಲ್ಲಿ ಬಂದಿದ್ದೆನಾದ್ದರಿಂದ ಬಾಗಿಲಲ್ಲೇ ಶುರುಮಾಡಿದ.

"ಹುಟ್ಟಿದಾಗಿಂದ ನೋಡಾಕತ್ತೀನಿ, ನೀ ಒಂದು ಕೆಲಸ ಹೊತ್ತಿಗಿ ಮಾಡಿದ್ದು ಕಂಡಿಲ್ಲ."

ನನ್ನ ಚೀಲದ ತಳದಲ್ಲಿ ಕರಡಿಗೆ ಇತ್ತು. ಎಲ್ಲಿಗೆ ಹೋದರೂ ಅದು ನನ್ನ ಸಂಗಡ ಬರುತ್ತದೆ. ಒಳಗೆ ದೇವರ ಮುಂದೆ ಸಂಜೆಯ ದೀಪ ಹಚ್ಚಿದ್ದರು. ಕರಡಿಗೆಯ ಬತ್ತಿಯ ಸರದಿ ಎಂದಿನಂತೆ ನಾಳೆಗೇ.

"ಒಂದು ಕೆಲಸ ಮಾತ್ರ ದಿನಾ ತಪ್ಪದs ಮಾಡಾಕತ್ತೀನಿ, ವಾಸಣ್ಣಾ" ಎಂದೆ.

"ಹೌದಾ? ಏನದು?"

"ನಾಳಿ ಹೇಳತೀನಿ" ಎಂದೆ.